ತುಪ್ಪದಕಾಯಿ ಹುಡುಕಿಕೊಂಡು ಕ್ಯಾಂಡಿಗೆ

ರಾಯಕೋಟೆ

ಸಮುದ್ರ ದಾಟಿ ಹೋದವರು ಬರುವಾಗ ಏನಾದರೊಂದು ತರುತ್ತಾರೆ. ಸೂಳಗಿರಿಯ ಒಬ್ಬರು ಪಿನಾಂಗಿನಿಂದ ಬೆಳ್ಳಿ ಹಿಡಿಯ ಕೊಡೆ ತಂದಿದ್ದಾರೆ. ಬಣ್ಣ ಹೋದೀತೆಂದು ಇಂದಿಗೂ ಬಿಸಿಲಲ್ಲಿ ಅದನ್ನು ಮಡಿಸಿಕೊಂಡೇ ತಿರುಗುತ್ತಾರೆ. ನಾನು ಸಿಂಹಳದಿಂದ ತಂದದ್ದು ದನಿಗಳನ್ನು. ಮಂಡಪಂ ಡಾಕ್ಟರ ದನಿ, ಹಡಗಿನಲ್ಲಿ ಟಿಕೆಟ್ಟು ನೋಡುವವನ ದನಿ, ಕ್ಯಾಂಡಿಯ ಹಣ್ಣಿನವಳ ದನಿ. ಅವನ್ನು ಕಾಗದದ ಮೇಲೆ ಇಳಿಸಲು ಬರುವುದಿಲ್ಲವಾದ್ದರಿಂದ ಓದುವವರಿಗೆ ಅರ್ಧ ನಷ್ಟ. ಉಳಿದರ್ಧವೂ ಕಡಿಮೆಯದಲ್ಲ ಎಂದು ನಾನೇ ಹೇಳಿಬಿಡುತ್ತೇನೆ, ಬೇರೆಯವರು ಹೇಳುವ ಹಾಗೆ ಕಾಣುವುದಿಲ್ಲ.

ನಮ್ಮ ಕಡೆ ನನ್ನನ್ನು ಅಣಕದ ಮುನಿರಾಜು ಎನ್ನುತ್ತಾರೆ. ಶ್ಯಾನುಭೋಗರ ಕೆಮ್ಮು, ಹೊಸೂರು ಸ್ಕೂಲಿನ ಹೆಡ್ಮಾಸ್ತರ ಇಂಗ್ಲಿಷು, ಅತ್ತೆಯೆದುರಿಗೆ ಒಂದು ಬಾವಿಯ ಬಳಿ ಇನ್ನೊಂದು ಆಗುವ ಸೊಸೆಯಂದಿರ ಮಾತು, ಎಲ್ಲವೂ ನನ್ನ ಬಾಯಲ್ಲಿವೆ. ನನ್ನ ಸ್ವಂತ ದನಿ ಯಾವುದೆಂದು ಒಮ್ಮೆ ಅಜ್ಜಿಯನ್ನು ಕೇಳಿದೆ. "ನೀನು ಹಸ್ದಾಗ ಬತ್ತದಲ್ಲ, ಅದೇ" ಎಂದಳು.

ಪ್ರಯಾಣಕ್ಕೆ ಕಾರಣ ಇಬ್ಬರು. ಒಬ್ಬರು ನನ್ನ ಸೋದರಮಾವ ತಿಮ್ಮರಾಯಪ್ಪ, ಇನ್ನೊಂದು ಒಣಗಿ ಸತ್ತ ಒಂದು ಮಾವಿನ ಮರ.

ರಾಯಕೋಟೆಯ ಪಕ್ಕದಲ್ಲಿ ಮಾವನದೊಂದು ತೋಪಿದೆ. ಅದರಲ್ಲಿ ತುಪ್ಪದಕಾಯಿ ಎನ್ನುವ ಮರ ಒಂದೇ ಒಂದಿತ್ತು. ಅದರ ಹಣ್ಣು ಹಸಿರು ಬಣ್ಣ ಬಿಡದೆಯೇ ಹಣ್ಣಾಗುತ್ತದೆ. ಮೂತಿ ಗಿಳಿಯ ಕೊಕ್ಕಿನಂತೆ ಒಂದು ಕಡೆಗೆ ಸೊಟ್ಟ. ಕುಯ್ದರೆ ಎಳೆ ನಾರಿಲ್ಲ. ಬಾಯಿಗಿಟ್ಟರೆ ಆಗ ತಾನೇ ಕಾಯಿಸಿದ ತುಪ್ಪದ ವಾಸನೆ ಮೂಗಿಗೆ ಏರುತ್ತದೆ. ಹಣ್ಣಿನ ವಾಟೆ ಬಿತ್ತಿದರೆ ಇಂಥ ಮರ ಹುಟ್ಟುವುದಿಲ್ಲ, ತಾಯಿಯಂತಲ್ಲದ ಮಕ್ಕಳೇ ಹುಟ್ಟುತ್ತವೆ. ಅದಕ್ಕೆ ನಮ್ಮವರು ಅಂಟು ಕಟ್ಟುತ್ತಾರೆ. ನಾಟಿ ಸಸಿಯೊಂದನ್ನು ಕುಂಡದಲ್ಲಿ ಬೆಳೆಸಿ, ಆ ಕುಂಡವನ್ನು ಜಾತಿ ಮರದ ಬಳಿಗೇ ಹೊತ್ತೊಯ್ಯಬೇಕು. ಸಸಿಗೂ ಮರದ ಕೊಂಬೆಗೂ ಒಂದೊಂದು ಕಡೆ ಸಿಪ್ಪೆ ಕೆತ್ತಿ, ಗಾಯಕ್ಕೆ ಗಾಯ ಸೇರಿಸಿ, ಬಾಳೆನಾರಿನಲ್ಲಿ ಬಿಗಿದು ಮೂರು ತಿಂಗಳು ಬಿಡಬೇಕು. ಬೆಸೆದ ಮೇಲೆ ಕೊಂಬೆಯನ್ನು ಮರದಿಂದ ಬಿಡಿಸಿಕೊಳ್ಳಬೇಕು. ಕುಂಡ ಹೊತ್ತು ಬಂದವನನ್ನು ನಮ್ಮಲ್ಲಿ "ಹೆಣ್ಣು ಕೇಳೋಕ್ ಬಂದವ್ನೆ" ಎನ್ನುತ್ತಾರೆ. ಎಲೆಅಡಿಕೆ ಕೊಟ್ಟು ಕೇಳುವುದು ಪದ್ಧತಿ.

ಮಾವ ಯಾರ ಎಲೆಅಡಿಕೆಯನ್ನೂ ಮುಟ್ಟಿದವನಲ್ಲ. ಕೃಷ್ಣಗಿರಿಯ ತೋಪಿನವರು ಬಂದರು, ಸೇಲಂನವರು ಬಂದರು. "ಮಗಳ್ನಾದ್ರೂ ಕೊಟ್ಟೇನು, ಕೊಂಬೆ ಕೊಡಲ್ಲ" ಎನ್ನುತ್ತಿದ್ದ. ಮಗಳನ್ನು ಕೇಳುವ ಆಸೆ ನನಗೇ ಇದ್ದರೂ ಆ ಮಾತಿನಿಂದ ಧೈರ್ಯವೇನೂ ಬರಲಿಲ್ಲ. ತನ್ನ ತೋಪಿನಲ್ಲೂ ಅವನು ಎರಡನೆಯದು ಮಾಡಲಿಲ್ಲ. ಒಂದೇ ಇದ್ದರೆ ಅದಕ್ಕೊಂದು ಗತ್ತು ಎಂದು. ಎರಡನೆಯ ಮಹಾಯುದ್ಧ ಮುಗಿದ ವರ್ಷ ಆ ಮರಕ್ಕೆ ಕಾಂಡ ಕೊರೆಯುವ ಹುಳು ಬಿತ್ತು. ಗತ್ತು ಹುಳುವಿಗೆ ಅರ್ಥವಾಗುವುದಿಲ್ಲ. ಮಾವ ರಂಧ್ರಗಳಿಗೆ ಸೀಮೆಎಣ್ಣೆ ಸುರಿದ, ಬೇವಿನೆಣ್ಣೆ ಸುರಿದ, ಕೊನೆಗೆ ಹರಕೆ ಹೊತ್ತ. ಮರ ತುದಿಯಿಂದ ಬುಡದವರೆಗೆ ಒಣಗಿತು. ಮಾವ ಮಾತು ಬಿಟ್ಟ. ಊಟದಲ್ಲಿ ಉಪ್ಪಿಲ್ಲದಿದ್ದರೂ ಬೈಯದಷ್ಟು ಬಿಟ್ಟ. ಅತ್ತೆ ಹೆದರಿಕೊಂಡು ನನ್ನನ್ನು ಕರೆಸಿದಳು.

ಆಗ ಬಾಯಿಬಿಟ್ಟವಳು ಅಜ್ಜಿ. "ನಿಮ್ಮಪ್ಪ ಒಂದು ಹೆಣ್ಣು ಕೊಟ್ಟವ್ನೆ ಕಣೋ ತಿಮ್ಮರಾಯ. ನೀನಿನ್ನೂ ತೊಟ್ಲಾಗಿದ್ದೆ. ಕೋಟೆ ಬಂಗ್ಲೇಲಿ ಇಳ್ದಿದ್ದ ದೊರೆ ಒಬ್ಬ ಬಂದು ಕೈ ಮುಗ್ದು ಕೇಳ್ದ. ಸಿಂಹಳ್ದಾಗೆ ಕ್ಯಾಂಡಿ ಅಂತ ಊರಂತೆ, ಅಲ್ಲಿ ರಾಜ್ರು ಮಾಡಿದ್ ತೋಟ ಅದಂತೆ, ಲೋಕದ್ ಗಿಡಾನೆಲ್ಲ ಅಲ್ಲಿ ನೆಡ್ತಾರಂತೆ. ಅಂಟು ಕಟ್ಟಿಸ್ಕೊಂಡು ಹೋದ."

ಮಾವ ಎದ್ದು ಕೂತ. "ಲಾ ಮುನಿ, ನಿಂಗೆ ಇಂಗ್ಲಿಷ್ ಬತ್ತದಲ್ಲ?"

"ಹೆಡ್ಮಾಸ್ತರ್ದು ಬತ್ತದೆ ಮಾವ."

"ಯಾರ್ದಾದ್ರೇನು. ಹೊರಡು."

ಹೀಗೆ ಹೊರಟೆವು. ಮಾವನ ಗಂಟಿನಲ್ಲಿ ರಾಗಿಹಿಟ್ಟು, ಅಂಟು ಕಟ್ಟುವ ಚಾಕು. ಕಂಕುಳಲ್ಲಿ ಒಂದು ಕುಂಡ, ಕುಂಡದಲ್ಲಿ ನಾಟಿ ಮಾವಿನ ಸಸಿ. ಮಾವ ಹೆಣ್ಣು ಕೇಳಲು ಸಮುದ್ರ ದಾಟುತ್ತಿದ್ದ.

ಮಂಡಪಂ

ರಾಯಕೋಟೆಯ ಮೇಲೆ ಹೋಗುತ್ತಿದ್ದ ಪುಟ್ಟ ರೈಲಿನ ಹಳಿಯನ್ನು ಯುದ್ಧಕ್ಕೆಂದು ಕಿತ್ತುಕೊಂಡು ಹೋದಮೇಲೆ ನಮಗೆ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸೇ ಗತಿ. ಅದು ಪಾಲಕೋಡಿನ ಏರಿನಲ್ಲಿ ನಿಂತಾಗ ಎಲ್ಲರೂ ಇಳಿದು ತಳ್ಳಿದೆವು. ಮಾವ ಮಾತ್ರ ಕುಂಡ ಹಿಡಿದುಕೊಂಡು ಒಳಗೇ ಕೂತಿದ್ದ, ಮದುಮಗನ ಕಡೆಯವರು ಬಂಡಿ ತಳ್ಳುವುದುಂಟೇ ಎಂಬಂತೆ. ಸೇಲಂನಲ್ಲಿ ರೈಲು ಹತ್ತಿ, ತಿರುಚ್ಚಿಯಲ್ಲಿ ಬದಲಿಸಿ, ಮರಳು ಮತ್ತು ತಾಳೆಮರ ಬಿಟ್ಟರೆ ಬೇರೇನೂ ಇಲ್ಲದ ಮಂಡಪದಲ್ಲಿ ಇಳಿದೆವು.

ಮೂರನೆಯ ದರ್ಜೆಯಲ್ಲಿ ಸಿಂಹಳಕ್ಕೆ ಹೋಗುವವರನ್ನು ಅಲ್ಲಿನ ಕ್ಯಾಂಪಿನಲ್ಲಿ ಕೆಲವು ದಿನ ಇಟ್ಟು, ಸೂಜಿ ಚುಚ್ಚಿ, ಬಟ್ಟೆಗಳನ್ನು ಆವಿಯಲ್ಲಿ ಬೇಯಿಸಿ ಬಿಡುತ್ತಾರೆ. ಇಡ್ಲಿಯಂತೆ ಹಬೆಯಲ್ಲಿ ಬೆಂದು ಬಂದ ನನ್ನ ಅಂಗಿ ಈಗ ನನ್ನ ತಮ್ಮನಿಗೆ ಸರಿಯಾಗುತ್ತದೆ.

ಕ್ಯಾಂಪಿನ ಡಾಕ್ಟರು ಎತ್ತರದ ಆಳು, ತಿರುನೆಲ್ವೇಲಿ ತಮಿಳು. ಪ್ರತಿ ಮಾತಿಗೂ ಮೊದಲು ಮೂಗಿನಲ್ಲಿ ಒಂದು ಸಣ್ಣ ಕೊಳಲು ಊದುವರು. ಎರಡನೆಯ ದಿನ ತೇಯಿಲೆ ತೋಟಕ್ಕೆ ಹೊರಟ ಹೆಂಗಸರ ಗುಂಪಿನೆದುರು ನಾನು ಆ ಕೊಳಲನ್ನೂ, "ನಾಕ್ಕೈ ನೀಟ್ಟು" ಎಂದು ನಾಲಿಗೆ ಚಾಚಿಸುವುದನ್ನೂ ಮಾಡಿ ತೋರಿಸುತ್ತಿದ್ದೆ. ಹೆಂಗಸರು ಮೊದಲು ನಕ್ಕರು, ಆಮೇಲೆ ನನ್ನ ಹಿಂದೆ ಏನನ್ನೋ ನೋಡಿ ನಗು ನಿಲ್ಲಿಸಿದರು. ತಿರುಗಿ ನೋಡಿದರೆ ಡಾಕ್ಟರು.

"ಇನ್ನೊಂದು ಸಲ ಮಾಡು" ಎಂದರು.

ಮಾಡಿದೆ. ಹೆದರಿಕೆಗೋ ಏನೋ ಕೊಳಲು ಇನ್ನೂ ಚೆನ್ನಾಗಿಯೇ ಬಂತು. ಅವರು ಕಾಂಪೌಂಡರನ್ನೂ ಅಡುಗೆಯವನನ್ನೂ ಕರೆಸಿ ಮೂರನೆಯ ಸಲ ಮಾಡಿಸಿದರು. "ನಾನು ಹೀಗೆಯೇ?" ಎಂದು ಕಾಂಪೌಂಡರನ್ನು ಕೇಳಿದರು. ಆ ಬಡಪಾಯಿ ಹೌದೆನ್ನಲೂ ಆಗದೆ ಇಲ್ಲವೆನ್ನಲೂ ಆಗದೆ ಕೆಮ್ಮಿದ. ಆ ಕೆಮ್ಮನ್ನೂ ನಾನು ಇಟ್ಟುಕೊಂಡಿದ್ದೇನೆ.

ಇಷ್ಟು ಸ್ನೇಹವಾದ ಮೇಲೆ ಕುಂಡದ ವಿಷಯದಲ್ಲಿ ಕನಿಕರ ತೋರಿಸಿಯಾರು ಎಂದುಕೊಂಡೆವು. ಡಾಕ್ಟರು ಕೊಳಲೂದಿ ಹೇಳಿದರು: "ಒಂದು ಹಿಡಿ ಮಣ್ಣು ಕೂಡ ಆಚೆಗೆ ಹೋಗುವಂತಿಲ್ಲ. ಆ ದ್ವೀಪದ ಕಾಫಿಯನ್ನೆಲ್ಲ ಒಂದು ಕಾಲದಲ್ಲಿ ರೋಗ ತಿಂದುಹಾಕಿತು. ಅಲ್ಲಿಂದ ಅವರಿಗೆ ಪರದೇಶದ ಗಿಡವೆಂದರೆ ಅನುಮಾನ."

"ನನ್ ಗಿಡಕ್ಕೆ ರೋಗ ಇಲ್ಲ ಸೋಮಿ" ಎಂದ ಮಾವ.

"ಗೊತ್ತು. ನಿನಗೂ ಇಲ್ಲ. ಆದರೂ ಸೂಜಿ ಚುಚ್ಚಲಿಲ್ಲವೇ?"

ಸಸಿ ಮಂಡಪದಲ್ಲೇ ಉಳಿಯಿತು. ಮಾವ ಧನುಷ್ಕೋಡಿಯಲ್ಲಿ ಬರಿಗೈಯಲ್ಲಿ ಹಡಗು ಹತ್ತಿದ. ನಾನು ಹಡಗಿನ ಕಪ್ತಾನನನ್ನು ಹತ್ತಿರದಿಂದ ನೋಡಿ ಕಲಿಯಬೇಕೆಂದು ಮೇಲಿನ ಅಟ್ಟಕ್ಕೆ ಹೋದೆ. ದಡ ಮರೆಯಾಗುವ ಮೊದಲೇ ಕಂಬಿ ಹಿಡಿದು ಬಗ್ಗಿದವನು ತಲೈಮನ್ನಾರಿನವರೆಗೂ ತಲೆಯೆತ್ತಲಿಲ್ಲ. ಆ ಹೊತ್ತು ನನ್ನ ಗಂಟಲಿನಿಂದ ಹೊರಟ ದನಿ ಮಾತ್ರ ಯಾರನ್ನು ನೋಡಿಯೂ ಕಲಿತದ್ದಲ್ಲ.

ಕ್ಯಾಂಡಿ

ಕ್ಯಾಂಡಿ ನಮ್ಮ ಡೆಂಕಣಿಕೋಟೆಯ ಗುಡ್ಡಗಳಿಗೆ ಹಸಿರು ಬಣ್ಣ ಬಳಿದು ನಡುವೆ ಕೆರೆ ಇಟ್ಟಂತಿದೆ. ತಮಿಳರ ಛತ್ರವೊಂದರಲ್ಲಿ ಇಳಿದುಕೊಂಡೆವು. ಅಲ್ಲಿಯ ಜನ ಬೆಳಗಾಗೆದ್ದು ಒತ್ತುಶಾವಿಗೆ ತಿನ್ನುತ್ತಾರೆ. ನಾವು ಹಬ್ಬಕ್ಕೋ ಅಳಿಯ ಬಂದಾಗಲೋ ಮನೆಮಂದಿಯೆಲ್ಲ ಬೆವರಿಳಿಸಿ ಒತ್ತುವ ಶಾವಿಗೆಯನ್ನು ಅವರು ಬೀದಿಯಲ್ಲಿ ಮಾರುತ್ತಾರೆ.

"ಇವ್ರ ಮನೇಗೆ ದಿನಾ ಅಳಿಯ ಬತ್ತಾನೇನ್ಲಾ?" ಎಂದ ಮಾವ.

ಶಾವಿಗೆ ಅವನಿಗೆ ಹಿಡಿಸಲಿಲ್ಲ. ಛತ್ರದ ಒಲೆಯಲ್ಲಿ ತಾನೇ ರಾಗಿ ಮುದ್ದೆ ತೊಳಸಿದ. ಅಡುಗೆಯವನು ಆ ಕಪ್ಪು ಉಂಡೆಯನ್ನು ಸುತ್ತಲೂ ನಡೆದು ನೋಡಿದ. ಒಂದು ಚೂರು ಕೊಟ್ಟರೆ ಅಗಿಯತೊಡಗಿದ. "ಅಗೀಬ್ಯಾಡಯ್ಯ, ನುಂಗು!" ಎಂದು ಮಾವ ಕೂಗುತ್ತಿದ್ದ. ಅಗಿಯದೆ ತಿನ್ನುವ ಊಟವೂ ಉಂಟೇ ಎಂದು ಅವನು ಇನ್ನೂ ಜೋರಾಗಿ ಅಗಿದ. ಎರಡು ದೇಶಗಳ ನಡುವೆ ಇಷ್ಟು ದೊಡ್ಡ ಅಪಾರ್ಥವನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ನದಿಯ ಸುತ್ತಿನ ತೋಟ

ತೋಟ ಊರಿನಿಂದ ಸ್ವಲ್ಪ ದೂರ. ಮಹಾವಲಿ ಎನ್ನುವ ನದಿ ಅದನ್ನು ಮೂರು ಕಡೆ ಬಳಸಿಕೊಂಡಿದೆ. ಬೆಂಗಳೂರಿನ ಲಾಲ್‌ಬಾಗ್ ನೋಡಿದವನು ನಾನು. ಹೋಲಿಸೋಣವೆಂದು ಸಿದ್ಧನಾಗಿಯೇ ಒಳಗೆ ಕಾಲಿಟ್ಟೆ. ಕಂಬ ನಿಲ್ಲಿಸಿದಂತೆ ಎರಡು ಸಾಲು ತಾಳೆಜಾತಿಯ ಮರಗಳು ಕಣ್ಣು ಹೋಗುವವರೆಗೂ ನಿಂತಿದ್ದವು. ಹೋಲಿಕೆಯನ್ನು ಜೇಬಿಗೆ ಹಾಕಿಕೊಂಡೆ. ನದಿಯಂಚಿನ ಬಿದಿರು ಒಂದೊಂದೂ ನಮ್ಮ ಮನೆಯ ನಡುಗಂಬದಷ್ಟು ದಪ್ಪ. ಹುಲ್ಲುಮಾಳದ ನಡುವೆ ಒಂದು ಆಲದ ಜಾತಿಯ ಮರ ಕೊಡೆಯಂತೆ ಹರಡಿತ್ತು. ಅದರ ಕೆಳಗೆ ಹೊಸೂರು ಸಂತೆಯನ್ನು ಎತ್ತಿನಗಾಡಿಗಳ ಸಮೇತ ಕೂರಿಸಬಹುದು.

ಮಾವ ಇದನ್ನೆಲ್ಲ ನೋಡುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದ. "ಇದ್ರ ಯಜಮಾನ ಯಾರ್ಲಾ?"

"ಯಾರೂ ಇಲ್ಲ ಮಾವ. ಸರ್ಕಾರ್ದು. ಯಾರ್ ಬೇಕಾದ್ರೂ ಬಂದು ನೋಡ್ಬೋದು."

"ಹಣ್ಣು ಮಾರಲ್ವಾ?"

"ಇಲ್ಲ."

"ಮತ್ಯಾಕ್ ಬೆಳ್ಸವ್ರೆ?"

ಉತ್ತರ ಹೇಳಲು ತಲೆಯೆತ್ತಿದೆ. ಮೇಲಿನ ಕೊಂಬೆಗಳಲ್ಲಿ ನಾಯಿಮರಿ ಗಾತ್ರದ ಬಾವಲಿಗಳು ಗೊಂಚಲು ಗೊಂಚಲಾಗಿ ನೇತಾಡುತ್ತಿದ್ದವು. ಅದರಲ್ಲೊಂದು ನಾನು ಬಾಯಿ ತೆರೆಯುವುದನ್ನೇ ಕಾದಿತ್ತೆಂದು ಕಾಣುತ್ತದೆ. ಮುಂದಿನದನ್ನು ಬರೆಯುವುದಿಲ್ಲ. ನದಿಯಲ್ಲಿ ಬಹಳ ಹೊತ್ತು ಬಾಯಿ ಮುಕ್ಕಳಿಸಿದೆ ಎಂದಷ್ಟೇ ಹೇಳುತ್ತೇನೆ.

ನಾನು ಮರಳಿ ಬರುವಷ್ಟರಲ್ಲಿ ಮಾವ ಒಂದು ದೊಡ್ಡ ಮರವನ್ನು ತಬ್ಬಿಕೊಂಡಿದ್ದ. ಎಲೆ ಕಿವುಚಿ ಮೂಸಿದ್ದ, ತೊಟ್ಟು ಅಗಿದಿದ್ದ. "ಇದೇ ಕಣ್ಲಾ! ಅಪ್ಪ ಕೊಟ್ಟಿದ್ದು! ಸೊನೆ ವಾಸ್ನೆ ನೋಡು!" ಕಣ್ಣಲ್ಲಿ ಧಾರೆ. ಮರದ ಬುಡದ ತಗಡಿನ ಹಲಗೆಯನ್ನು ನಾನು ಓದಿಯಾಗಿತ್ತು. ಅದು ಜಾವಾ ದ್ವೀಪದ ಕಾಡುಮಾವು. ಆದರೆ ಅಷ್ಟು ಚೆನ್ನಾಗಿ ಅಳುತ್ತಿದ್ದವನನ್ನು ನಡುವೆ ನಿಲ್ಲಿಸಲು ಮನಸ್ಸು ಬರಲಿಲ್ಲ.

ನಿಲ್ಲಿಸಿದವನು ತೋಟದ ಅಧಿಕಾರಿ. ಗುಣರತ್ನ ಎಂದು ಹೆಸರು, ಮೂವತ್ತರ ಆಸುಪಾಸು, ಮೊಣಕಾಲವರೆಗಿನ ಚಡ್ಡಿ. ತೋಟದ ಕೂಲಿಗಳಿಂದ ಕಲಿತ ತಮಿಳನ್ನು ಇಂಗ್ಲಿಷಿನಂತೆ ಆಡುತ್ತಿದ್ದ, ಮಾವನ ಸಂತೆ ತಮಿಳಿಗೆ ಅದು ಅರ್ಧವೇ ದಕ್ಕುತ್ತಿತ್ತು. "ಆ ಮರದ ಹಣ್ಣಿನ ನಾತಕ್ಕೆ ಬಾವಲಿಗಳೂ ಮೂಗು ಮುಚ್ಚುತ್ತವೆ. ನೀವೇಕೆ ಅಳುತ್ತಿದ್ದೀರಿ?"

ಮಾವ ಮರವನ್ನು ಬಿಟ್ಟು ಅಂಗಿ ಒರೆಸಿಕೊಂಡ. ನಾನು ಹೆಡ್ಮಾಸ್ತರ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ರಾಯಕೋಟೆ ಎಂಬ ಹೆಸರು ಬಂದೊಡನೆ ಅವನು ಕೈಯೆತ್ತಿದ.

"ರಾಯಕೋಟಾ! ಮೂತಿ ಸೊಟ್ಟ ಇರುವ ಹಸಿರು ಹಣ್ಣು?"

ಸಮುದ್ರದ ಆಚೆ, ಪರಭಾಷೆಯವನ ಬಾಯಲ್ಲಿ ನಮ್ಮೂರ ಹೆಸರು. ಅಜ್ಜ ಕೊಟ್ಟ ಮರಕ್ಕೆ ಈ ತೋಟದವರು ತಗಡಿನ ಹಲಗೆಯ ಮೇಲೆ ಇಟ್ಟಿದ್ದ ಹೆಸರೇ ಅದಂತೆ. ಮಾವ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಮಂಡಪದ ಸೂಜಿಯ ಗಾಯ ಮತ್ತೆ ನೋಯಿತು.

ಅದೇ ತೋಟ, ಸಿಮೆಂಟು ನೆಲ

ಗುಣರತ್ನ ನಮ್ಮನ್ನು ನಡೆಸಿಕೊಂಡು ಹೊರಟ. ನಡೆಯುತ್ತ ತೋಟದ ಕಥೆ ಹೇಳಿದ. ಮೊದಲು ಇದು ರಾಜರು ಗಾಳಿಗೆ ಬರುವ ತೋಟ. ರಾಜರು ಹೋದರು, ಇಂಗ್ಲಿಷರು ಬಂದರು, ಕಾಡು ಕಡಿದು ಗಿಡಗಳ ಪಾಠಶಾಲೆ ಮಾಡಿದರು. ಕಾಫಿಗೆ ರೋಗ ಬಂದು ಬೆಟ್ಟಗಳೇ ಬೋಳಾದಾಗ ಇಲ್ಲಿ ಚಳಿಜ್ವರದ ಔಷಧ ತೆಗೆಯುವ ಕೊಯಿನಾ ಸಸಿಗಳು ಸಿದ್ಧವಿದ್ದವು. ಕೊಯಿನಾದ ಬೆಲೆ ಬಿದ್ದಾಗ ತೇಯಿಲೆ ಸಿದ್ಧವಿತ್ತು, ಆಮೇಲೆ ರಬ್ಬರು. "ಒಂದು ಸತ್ತಾಗ ಇನ್ನೊಂದು ಕುಂಡದಲ್ಲಿರಬೇಕು. ಕೇಳಿದವರಿಗೆ ಕೊಡುತ್ತಲೇ ಇರಬೇಕು. ತೋಟದ ಕೆಲಸ ಅಷ್ಟೇ" ಎಂದ. ನಾನು ಮಾವನಿಗೆ ಕನ್ನಡಿಸಿ ಹೇಳಿದೆ. ಮಾವನಿಗೆ ಕಥೆ ಬೇಕಿರಲಿಲ್ಲ, ಕತ್ತು ಚಾಚಿ ಮುಂದಿನ ಮರಗಳನ್ನೇ ನೋಡುತ್ತಿದ್ದ.

ನಿಂತದ್ದು ಒಂದು ಸಿಮೆಂಟು ನೆಲದ ಬಳಿ. ಗೋಡೆಯಿಲ್ಲ, ಸೂರಿಲ್ಲ, ಬಿರುಕಿನಲ್ಲಿ ಹುಲ್ಲು.

"ಯುದ್ಧದಲ್ಲಿ ಸೈನ್ಯದ ದೊಡ್ಡವರು ಈ ತೋಟದಲ್ಲಿ ಬೀಡುಬಿಟ್ಟಿದ್ದರು. ಹುಲ್ಲಿನ ಮೇಲೆಲ್ಲ ಗುಡಿಸಲು ಎದ್ದವು. ಇಲ್ಲಿ ಅಡುಗೆಮನೆ ಬೇಕಾಯಿತು. ರಾಯಕೋಟಾ ಇಲ್ಲಿತ್ತು."

ನಾನು ಕನ್ನಡದಲ್ಲಿ ಹೇಳಲಿಲ್ಲ. ಮಾವನಿಗೆ ಬೇಕಾಗಲಿಲ್ಲ. ಅವನು ಸಿಮೆಂಟಿನ ಮೇಲೆ ಕೂತುಬಿಟ್ಟ. ಊರಲ್ಲಿ ಸತ್ತ ಮರ ಸಿಂಹಳದಲ್ಲಿ ಎರಡನೆಯ ಸಲ ಸತ್ತಿತ್ತು.

ಗುಣರತ್ನ ಮಾವನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತ. "ಕಡಿಯುವ ಮೊದಲು ಬೇಕಾದವರೆಲ್ಲ ಅಂಟು ಕಟ್ಟಲು ಕಡ್ಡಿ ಒಯ್ಯಿರಿ ಎಂದು ಹೇಳಿದ್ದೆವು. ಬಹಳ ಜನ ಒಯ್ದರು. ಅದಕ್ಕೂ ಹಿಂದೆ ಎಷ್ಟೋ ವರ್ಷ ಸಸಿ ಮಾಡಿ ಹಂಚಿದ್ದೇವೆ. ಎಲ್ಲಾದರೂ ಇರುತ್ತದೆ."

"ಯಾರ್ಗೆ ಕೊಟ್ರಂತೆ ಕೇಳ್ಲಾ."

ಕೇಳಿದೆ. ಗುಣರತ್ನ ಕೈ ಬಿಚ್ಚಿ ತೋರಿಸಿದ. ನೆನಪಿಲ್ಲ.

ಮಾವನ ಮುಖ ಕೆಂಪಾಯಿತು. ಬಹಳ ತಿಂಗಳ ಮೇಲೆ ಅವನ ಹಳೆಯ ದನಿ ಬಂತು. "ಗ್ಯಾಪ್ಕ ಇಲ್ವಂತಾ? ಹೆಣ್ ಕೊಟ್ಟಿದ್ ಮನೇನೇ ಮರ್ತವ್ನಲ್ಲೋ ಇವ್ನು! ಕುಲ ಕೇಳ್ಲಿಲ್ಲ, ನೆಲ ಕೇಳ್ಲಿಲ್ಲ, ಬಂದೋರ್ಗೆಲ್ಲ ಕೈಯಾಗಿಟ್ಟು ಕಳ್ಸವ್ನೆ!"

"ಏನು ಹೇಳುತ್ತಿದ್ದಾರೆ?" ಎಂದ ಗುಣರತ್ನ.

"ತಮ್ಮ ಔದಾರ್ಯವನ್ನು ಹೊಗಳುತ್ತಿದ್ದಾರೆ" ಎಂದೆ.

ಕ್ಯಾಂಡಿ ಪೇಟೆ

ಮರ ಸಿಗದಿದ್ದರೆ ಹಣ್ಣನ್ನು ಹುಡುಕುವುದು. ಮಾವಿನ ಕಾಲವೇ ಆಗಿತ್ತು. ಮರುದಿನ ಬೆಳಿಗ್ಗೆ ಪೇಟೆಯ ಹಣ್ಣಿನ ಸಾಲಿಗೆ ಹೋದೆವು. ಮಾವ ಒಂದೊಂದು ಬುಟ್ಟಿಯ ಹಣ್ಣನ್ನೂ ಎತ್ತಿ ಮೂಸಿ, ಮೂಗು ಮುರಿದು, ತಿರುಗಿ ಇಡುತ್ತಿದ್ದ. ಕೊಳ್ಳದೆ ಮೂಸುವವನನ್ನು ಕಂಡರೆ ವ್ಯಾಪಾರಿಗಳಿಗೆ ಯಾವ ದೇಶದಲ್ಲೂ ಪ್ರೀತಿಯಿಲ್ಲ. ಒಬ್ಬ ಮುದುಕ ಸಿಂಹಳ ಭಾಷೆಯಲ್ಲಿ ಏನೋ ಬೈದ. ನಾನು ಅದೇ ರಾಗದಲ್ಲಿ ಅವನಿಗೇ ತಿರುಗಿ ಹೇಳಿದೆ, ಅರ್ಥ ತಿಳಿಯದೆ. ಸಾಲಿಗೆ ಸಾಲೇ ನಕ್ಕಿತು. ಮುದುಕ ಎದ್ದು ನಿಂತ. ನಾವು ಬೇಗ ಬೇಗ ಮುಂದೆ ನಡೆದೆವು.

ಸಾಲಿನ ಕೊನೆಯಲ್ಲಿ ಹಸಿರು ಹಣ್ಣಿನ ರಾಶಿ. ಮೂತಿ ಎಲ್ಲವೂ ಒಂದೇ ಕಡೆಗೆ ಸೊಟ್ಟ.

ಮಾವ ಮುಟ್ಟಲಿಲ್ಲ. ದೂರದಲ್ಲೇ ನಿಂತು ನನ್ನನ್ನು ಮುಂದೆ ತಳ್ಳಿದ. "ನೀನ್ ತಿನ್ನು."

ರಾಶಿಯ ಹಿಂದೆ ಕೂತಿದ್ದವಳು ಪೊಡಿ ಮೆಣಿಕೆ ಎನ್ನುವ ಅಗಲ ಮುಖದ ಹೆಂಗಸು. ತೇಯಿಲೆ ತೋಟದವರ ಜೊತೆ ವ್ಯಾಪಾರ ಮಾಡಿ ತಮಿಳು ಕಲಿತವಳು. ಒಂದು ಹಣ್ಣು ಹೋಳು ಮಾಡಿ ಉಪ್ಪು ಖಾರ ಉದುರಿಸಲು ಹೊರಟಳು. ಮಾವ ಅಲ್ಲಿಂದಲೇ ಚೀರಿದ, "ಅಯ್ಯಯ್ಯೋ, ಉಪ್ಪು ಹಾಕ್ಬ್ಯಾಡ ಅನ್ಲಾ!"

ನಾನು ತಿಂದೆ. ಮೂಗಿಗೆ ತುಪ್ಪ ಏರಿತು. ಒಂದು ಕ್ಷಣ ನಾನು ಅಜ್ಜಿಯ ಹಜಾರದಲ್ಲಿ ಮೊಣಕೈವರೆಗೆ ರಸ ಸುರಿಸಿಕೊಂಡು ಕೂತಿದ್ದೆ. ತಮಾಷೆಗೆ ಮುಖ ಕಿವುಚೋಣವೆಂದುಕೊಂಡೆ. ಮಾವನನ್ನು ನೋಡಿ ಆಗಲಿಲ್ಲ. ಇನ್ನೊಂದು ಹೋಳನ್ನು ಅವನ ಬಾಯಿಗೇ ಇಟ್ಟೆ.

ಅವನು ಬಹಳ ಹೊತ್ತು ನುಂಗಲಿಲ್ಲ. ಆಮೇಲೆ ತನ್ನ ತಮಿಳಿನಲ್ಲಿ ಹೇಳಿದ, "ಇದು ನಮ್ಮ ಹಣ್ಣು."

"ಏನು, ನಿಮ್ಮದಾ?" ಎಂದಳು ಅವಳು. "ಇದು ವತ್ತೆ ಅಂಬ. ತೋಟದ ಮಾವು. ನದಿಯಾಚೆ ನಮ್ಮೂರಲ್ಲಿ ಮನೆಮನೆಗೂ ಇದೆ. ನನ್ನ ಗಂಡ ನೆಟ್ಟದ್ದು."

"ನಮ್ಮಪ್ಪ ಕೊಟ್ಟದ್ದು!"

"ಕೊಟ್ಟ ಮೇಲೆ ನಿಮ್ಮದು ಹೇಗಾಗುತ್ತದೆ?"

ಮಾವ ನನ್ನ ಕಡೆ ತಿರುಗಿ, ಕಥೆ ಹೇಳೆಂದು ಸನ್ನೆ ಮಾಡಿದ. ನಾನು ತೊಟ್ಟಿಲಿನ ಕಾಲದಿಂದ ಸಿಮೆಂಟು ನೆಲದವರೆಗೆ ಹೇಳಿದೆ. ಕಥೆಯೆಲ್ಲ ಕೇಳಿದ ಮೇಲೆ ಅವಳು ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದಳು. "ಬನ್ನಿ. ಎಷ್ಟು ಕಡ್ಡಿ ಬೇಕೋ ಕಡಿದುಕೊಳ್ಳಿ."

ಅವಳ ಹಿತ್ತಿಲಲ್ಲಿ ಮರವಿತ್ತು. ಪಕ್ಕದ ಹಿತ್ತಿಲಲ್ಲೂ, ಅದರ ಪಕ್ಕದಲ್ಲೂ. ಕೋಳಿಗೂಡಿನ ಮೇಲೆ ತುಪ್ಪದಕಾಯಿಗಳು ತಾವಾಗಿ ಉದುರುತ್ತಿದ್ದವು, ಕೋಳಿಗಳು ಕುಕ್ಕುತ್ತಿದ್ದವು. ಕೃಷ್ಣಗಿರಿಯ ಸಾಹುಕಾರರಿಗೆ ಸಿಗದ ಹಣ್ಣನ್ನು ಕೋಳಿ ತಿನ್ನುವುದನ್ನು ಮಾವ ನಿಂತು ನೋಡಿದ. ಪೊಡಿ ಮೆಣಿಕೆ ಕತ್ತಿ ಚಾಚಿದರೆ ತೆಗೆದುಕೊಳ್ಳಲಿಲ್ಲ. "ಹಂಗೆಲ್ಲ ಆಗಲ್ಲ" ಎಂದು ಸೊಂಟದ ಸಂಚಿಯಿಂದ ಎಲೆಅಡಿಕೆ ತೆಗೆದು, ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ಅವಳ ಮುಂದೆ ಚಾಚಿದ. ಜೀವಮಾನದಲ್ಲಿ ಬಂದವರ ಎಲೆಅಡಿಕೆಯನ್ನೆಲ್ಲ ತಿರುಗಿಸಿ ಕಳಿಸಿದ ಕೈಗಳು ಅವು. ಅವಳು ಸೆರಗು ಸರಿಮಾಡಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವರಲ್ಲೂ ಅದೇ ಮರ್ಯಾದೆಯಂತೆ. ಆಮೇಲೆಯೇ ಮಾವ ಕತ್ತಿ ತೆಗೆದುಕೊಂಡು ಕಡ್ಡಿ ಕುಯ್ದ.

ಆದರೆ ಸಸಿ ಮಂಡಪದಲ್ಲಿತ್ತು. ಕಟ್ಟುವುದು ಯಾವುದಕ್ಕೆ, ಮೂರು ತಿಂಗಳು ಕಾಯುವುದು ಎಲ್ಲಿ? ಕಡ್ಡಿಗಳನ್ನು ಹಿಡಿದು ಗುಣರತ್ನನ ಬಳಿಗೇ ಓಡಿದೆವು. ಅವನು ರಬ್ಬರು ಗಿಡಕ್ಕೆ ಮಾಡುವ ಕಣ್ಣು ಕಸಿಯನ್ನು ತೋಟದ ಮಾವಿನ ಸಸಿಯೊಂದರ ಮೇಲೆ ಮಾಡಿ ತೋರಿಸಿದ. ಕಡ್ಡಿಯ ಒಂದು ಕಣ್ಣನ್ನು, ಎಂದರೆ ಚಿಗುರುವ ಮೊಗ್ಗನ್ನು, ಸಿಪ್ಪೆಯ ಸಮೇತ ಬಿಡಿಸಿ, ಸಸಿಯ ತೊಗಟೆಯನ್ನು ಕಿಟಕಿಯಂತೆ ತೆರೆದು, ಒಳಗೆ ಜಾರಿಸಿ ಬಿಗಿದುಬಿಟ್ಟ.

"ಮೂರ್ ತಿಂಗ್ಳ ಸಂಸಾರ ಎಲಡಿಕೆ ಹಾಕೋ ಹೊತ್ನಾಗೆ ಮುಗಿಸ್ಬುಟ್ನಲ್ಲೋ!" ಎಂದು ಮಾವ ನಂಬಲಿಲ್ಲ. ನಂಬದೆಯೇ ಕಲಿತ. ಮೊದಲ ಕಣ್ಣುಗಳನ್ನು ಹರಿದ, ಆಮೇಲಿನವನ್ನು ತಲೆಕೆಳಗಾಗಿ ಇಟ್ಟ, ಗುಣರತ್ನನ ಚಾಕು ಮೊಂಡೆಂದು ಬೈದ, ಸಂಜೆಯ ಹೊತ್ತಿಗೆ ಅವನಿಗಿಂತ ಚೆನ್ನಾಗಿ ಮಾಡುತ್ತೇನೆಂದು ಜಂಬ ಕೊಚ್ಚಿದ.

ಗುಣರತ್ನ ಕಡ್ಡಿಗಳ ಎಲೆ ಸವರಿ, ತುದಿಗೆ ಮೇಣ ಹಚ್ಚಿ, ಒದ್ದೆ ಪಾಚಿಯಲ್ಲಿ ಸುತ್ತಿ ಬಾಳೆಪಟ್ಟೆಯಲ್ಲಿ ಕಟ್ಟಿಕೊಟ್ಟ. ಬಿಸಿಲು ತಾಕಿದರೆ ಕೆಟ್ಟವು, ಬೇಗ ಊರು ಸೇರಿ ಎಂದ.

ಮಾನಾಮದುರೈ

ಮಣ್ಣಿಲ್ಲದ ಕಡ್ಡಿಗಳನ್ನು ಯಾರೂ ತಡೆಯಲಿಲ್ಲ. ತಡೆದದ್ದು ಬಿಸಿಲು. ಧನುಷ್ಕೋಡಿ ಬಿಟ್ಟ ರೈಲುಡಬ್ಬಿ ಬಾಣಲೆಯಾಗಿತ್ತು. ಮಂಡಪದ ಕ್ಯಾಂಪಿನಲ್ಲಿ ಬಿಟ್ಟ ಸಸಿಗಾಗಿ ಇಳಿದರೆ ಮುಂದಿನ ರೈಲು ಮರುದಿನವೆಂದು ಇಳಿಯಲಿಲ್ಲ. ಮಾವ ನಿಲ್ದಾಣಕ್ಕೊಮ್ಮೆ ಕಟ್ಟು ಬಿಚ್ಚಿ ನೋಡುತ್ತಿದ್ದ, ಕೂಸಿನ ಜ್ವರ ನೋಡುವವನಂತೆ. ಮಾನಾಮದುರೈಗೆ ಬರುವಷ್ಟರಲ್ಲಿ ಎರಡು ಕಡ್ಡಿಗಳ ತೊಗಟೆ ಸುಕ್ಕುಗಟ್ಟಿತ್ತು.

ಎಂಜಿನ್ನಿಗೆ ನೀರು ತುಂಬಿಸುತ್ತಿದ್ದರು. ಬೇಲಿಯಾಚೆ ರೈಲಿನವರ ಮನೆಯೊಂದರ ಹಿತ್ತಿಲು, ಅದರಲ್ಲೊಂದು ಎಳೆಯ ನಾಟಿ ಮಾವು, ತಾಮ್ರದ ಬಣ್ಣದ ಚಿಗುರು. ಮಾವ ಅದನ್ನು ನೋಡಿದ. ಕಡ್ಡಿ ನೋಡಿದ.

"ಲಾ ಮುನಿ, ಇಳಿ."

"ಮಾವ, ಯಾರ್ದೋ ಮರ!"

"ಊರ್ ಮುಟ್ಟೋ ಗಂಟ ಎಲ್ಲಾ ಒಣಗೋದ್ರೆ ಯಾರ್ದೂ ಇಲ್ಲ. ಒಂದಾದ್ರೂ ಎಲ್ಲಾದ್ರೂ ಬದುಕ್ಲಿ."

ಹಿತ್ತಿಲಿನ ಹೆಂಗಸು ಹೊರಬಂದು "ಎನ್ನಯ್ಯಾ ಅದು?" ಎಂದು ಕೂಗುವಷ್ಟರಲ್ಲಿ ಮಾವ ತೊಗಟೆ ತೆರೆದಾಗಿತ್ತು. ನಾನು ಬೇಲಿಯ ಮೇಲೆ ನಿಂತು ಮಂಡಪಂ ಡಾಕ್ಟರ ಕೊಳಲೂದಿ, ಸರ್ಕಾರದ ವತಿಯಿಂದ ಮರಗಳಿಗೆ ಸೂಜಿ ಚುಚ್ಚುತ್ತಿದ್ದೇವೆ ಎಂದೆ. ಅವಳು ನಂಬಲಿಲ್ಲ, ಆದರೆ ಚೊಂಬಿನಲ್ಲಿ ನೀರು ಕೊಟ್ಟಳು. ರೈಲು ಕೂಗಿತು. ಓಡಿ ಹತ್ತಿದೆವು.

ಹೀಗೆಯೇ ಊರಿನವರೆಗೂ. ತಿರುಚ್ಚಿಯಲ್ಲಿ ಛತ್ರದ ಹಿಂದೆ ಒಂದು ಕಣ್ಣು, ಸೇಲಂನಲ್ಲಿ ಬಂಡಿ ನಿಲ್ಲುವ ಕಡೆ ಒಂದು. ಪಾಲಕೋಡಿನಲ್ಲಿ ಬಸ್ಸಿನ ಇದ್ದಿಲು ಕೆದಕುತ್ತಿದ್ದಾಗ ಟೀ ಅಂಗಡಿ ಗೋವಿಂದನ ಹಿತ್ತಿಲಿನ ಸಸಿಗೆ ಎರಡು. ಕೊಂಬೆ ಕೊಡದ ತಿಮ್ಮರಾಯಪ್ಪ, ಗುರುತು ಪರಿಚಯವಿಲ್ಲದವರ ಮರಗಳಿಗೆ ಕೇಳದೆಯೇ ಹೆಣ್ಣು ಕೊಡುತ್ತ ಬಂದ. ಉಳಿದ ಕಡ್ಡಿಗಳನ್ನು ರಾಯಕೋಟೆಯಲ್ಲಿ ತನ್ನ ಸಸಿಗಳಿಗೆ ಕೂರಿಸಿ, ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ.

ಪಾಲಕೋಡು

ನಮ್ಮ ತೋಪಿನ ಕಣ್ಣುಗಳೆಲ್ಲ ಕಪ್ಪಾದವು. ಮಾವ ಕೊನೆಯದನ್ನು ಉಗುರಿನಿಂದ ಕೆರೆದು ನೋಡಿ ಎದ್ದುಹೋದ. ಮತ್ತೆ ಊಟದಲ್ಲಿ ಉಪ್ಪು ಕೇಳುವುದನ್ನು ಬಿಟ್ಟ.

ಮಳೆ ಹಿಡಿದ ಮೇಲೆ ಒಂದು ದಿನ ಬಸ್ಸಿನ ಕಂಡಕ್ಟರು ನಮ್ಮ ಮನೆಯ ಮುಂದೆ ನಿಂತು ಕೂಗಿದ: "ತಿಮ್ಮರಾಯಪ್ಪಾ, ಗೋವಿಂದ ಹೇಳ್ಕಳ್ಸವ್ನೆ. ಒಂದ್ ಕಣ್ಣು ಬಿಟ್ಟದಂತೆ. ಕೆಂಪು ಎಲೆ, ಎರಡು ಬೆರಳುದ್ದ."

ಅದೇ ಬಸ್ಸು ಹತ್ತಿದೆವು. ಟೀ ಅಂಗಡಿಯ ಹಿತ್ತಿಲಲ್ಲಿ ಆಗಲೇ ಜನ. ಚಿಗುರು ನಿಜವಾಗಿಯೂ ಕೆಂಪಾಗಿ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಮಾವ ಬಗ್ಗಿ ಮೂಸಿದ. ಮುಟ್ಟಲಿಲ್ಲ.

ಗೋವಿಂದ ಹೆಮ್ಮೆಯಿಂದ ಹೇಳಿದ: "ಎಲ್ರಿಗೂ ಹೇಳ್ಬುಟ್ಟಿವ್ನಿ ಅಣ್ಣ, ಸಿಂಹಳದ್ ಮಾವು ಅಂತ. ಪೊಲೀಸ್ನೋರ್ಗೆ ಒಂದ್ ಕಡ್ಡಿ, ಕಂಡಕ್ಟ್ರಿಗೊಂದು, ಪೂಜಾರಪ್ಪಂಗೊಂದು, ಎಲ್ಲಾ ಮಾತ್ ಕೊಟ್ಟಾಗದೆ."

ಪೊಲೀಸಿನವನು ಚಾಕುವನ್ನೇ ತಂದಿದ್ದ. ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಮಾವನ ಕತ್ತಿನ ನರ ಉಬ್ಬುತ್ತಿತ್ತು. ಇಂಥ ಬೈಗುಳ ಮತ್ತೆ ಸಿಗುವುದಿಲ್ಲವೆಂದು ಕಿವಿ ಅಗಲಿಸಿದೆ.

"ಥೂ, ಮಡಗಯ್ಯಾ ಚಾಕೂನ!" ಎಂದು ಶುರುಮಾಡಿದ ಮಾವ. "ಎಳೇ ಕೂಸಿನ್ ಕೈಲಿ ಹೊಲ ಉಳುಮೆ ಮಾಡಿಸ್ತೀರೇನ್ರಯ್ಯಾ? ಎರಡು ಮಳೆಗಾಲ ಹೋಗ್ಲಿ. ಕಡ್ಡಿ ಬಲೀಲಿ. ನಾನೇ ಬತ್ತೀನಿ, ಒಬ್ಬೊಬ್ರಿಗೂ ನಾನೇ ಕೂರಿಸ್ಕೊಡ್ತೀನಿ. ನೀವ್ ಕುಯ್ದ್ರೆ ಕೊಲ್ತೀರ." ಪೊಲೀಸಿನವನ ಕಡೆ ತಿರುಗಿದ. "ನಿಮ್ಮನೇಲಿ ನಾಟಿ ಸಸಿ ಅವ್ಯಾ?"

"ಇಲ್ಲ."

"ಇಲ್ದಿದ್ರೆ ಯಾವ್ದರ್ ಮ್ಯಾಲೆ ಕೂರ್ಸೋದು, ನಿನ್ ಟೋಪಿ ಮ್ಯಾಲಾ? ಇವತ್ತೇ ವಾಟೆ ಹಾಕ್ಬೇಕು. ಜಾಗ ಎಲ್ಲದೆ, ತೋರ್ಸು ನಡಿ."

"ನಮ್ ಜಾಗಾನೂ ನೋಡ್ಬುಡಿ" ಎಂದ ಪೂಜಾರಿ.

ಹೊರಗೆ ಊರಿಗೆ ಮರಳುವ ಬಸ್ಸು ಹೊಗೆಯುಗುಳಿ ಸಿದ್ಧವಾಯಿತು. "ತಿಮ್ಮರಾಯಪ್ಪಾ, ಹೊಲ್ಟೆ!" ಎಂದು ಕಂಡಕ್ಟರು ಕೂಗಿದ. ಮಾವ ತಿರುಗಿಯೂ ನೋಡದೆ ಕೈ ಬೀಸಿದ. ಆಗಲೇ ಅವನು ಪಕ್ಕದಲ್ಲೇ ಇದ್ದ ಪೊಲೀಸಿನವನ ಹಿತ್ತಿಲಿಗೆ ನುಗ್ಗಿ, ಅವನ ಹೆಂಡತಿಗೆ, ವಾಟೆಯನ್ನು ಯಾವ ಕಡೆ ಮೇಲಾಗಿ ಇಟ್ಟು ಮಣ್ಣು ಮುಚ್ಚಬೇಕೆಂದು ಬೈಯುತ್ತ ತೋರಿಸುತ್ತಿದ್ದ.